ಸ್ಮಾರ್ಟ್‌ಫೋನಿನ ಗೀಳು ಮತ್ತು ವಿದ್ಯಾರ್ಥಿಯ ಅವಧಾನ

ವಿದ್ಯಾರ್ಜನೆಗೆ ಮೊದಲ ಬಂಡವಾಳ ಅವಧಾನ. ಅನ್ನ, ವಸತಿ, ಪುಸ್ತಕಗಳನ್ನು ದಾನಿಗಳು ಒದಗಿಸಬಲ್ಲರು. ಪಾಠವನ್ನು ಗುರುಗಳು ಹೇಳಬಲ್ಲರು. ಅವಧಾನವನ್ನು ಮಾತ್ರ ವಿದ್ಯಾರ್ಥಿಯೇ ತರಬೇಕು. ಇಂದು ಕಾಲೇಜು ವಿದ್ಯಾರ್ಥಿಯ ಈ ಬಂಡವಾಳವು ಸ್ಮಾರ್ಟ್‌ಫೋನಿನ ಮೂಲಕ ದಿನದಿನವೂ ಸೋರಿಹೋಗುತ್ತಿದೆ. ಯುವಕರಲ್ಲಿ ಸಂಯಮವಿಲ್ಲವೆಂದು ದೂರುವುದು ಸುಲಭ. ಆದರೆ ಗೀಳಿನ ಮೂಲವನ್ನರಿಯದೆ ಪರಿಹಾರ ದೊರೆಯದು.

ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರು ಇಲಿ, ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಒಂದು ತತ್ತ್ವವು ಸ್ಪಷ್ಟವಾಯಿತು. ಪ್ರತಿಫಲವು ಯಾವಾಗ ದೊರೆಯುವುದೆಂದು ತಿಳಿಯದಿದ್ದಾಗಲೇ ಪ್ರಾಣಿಯು ಪ್ರಯತ್ನವನ್ನು ಬಿಡದೆ ಮುಂದುವರಿಸುತ್ತದೆ. ಜೂಜಿನ ಯಂತ್ರದ ಗುಟ್ಟೂ ಇದೇ. ಫೋನನ್ನು ತೆರೆದಾಗ ಮೆಚ್ಚುಗೆ ಬಂದಿರಬಹುದು, ಬಾರದಿರಬಹುದು. ಆ ಅನಿಶ್ಚಯವೇ ಕೈಯನ್ನು ಮತ್ತೆ ಮತ್ತೆ ಎಳೆಯುತ್ತದೆ. 2006ರಲ್ಲಿ ಅಜಾ ರಾಸ್ಕಿನ್ ಎಂಬ ತಂತ್ರಜ್ಞರು ಕೊನೆಯಿಲ್ಲದೆ ಸರಿಯುವ ಪುಟವನ್ನು ರೂಪಿಸಿದರು. ಅದರ ಪರಿಣಾಮವನ್ನು ಕಂಡು ಮುಂದೆ ಅವರೇ ವಿಷಾದಿಸಿದರು. ಪುಸ್ತಕದ ಅಧ್ಯಾಯಕ್ಕೆ ಮುಕ್ತಾಯವುಂಟು. ಈ ಪರದೆಗೆ ಅದಿಲ್ಲ. 2016ರಲ್ಲಿ ಜಿಯೋ ಸೇವೆ ಆರಂಭವಾದ ಬಳಿಕ ಅಂತರಜಾಲದ ದರವು ಇಳಿದು, ಹಳ್ಳಿಯ ಬಡ ವಿದ್ಯಾರ್ಥಿಗೂ ಇದು ಕೈಗೆಟಕಿತು.

ಹಾಗೆಂದು ಫೋನು ಹಿಡಿದವರೆಲ್ಲರೂ ರೋಗಿಗಳಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ವಿಡಿಯೋ ಆಟದ ಗೀಳು ಸೇರಿದೆ. ಸ್ಮಾರ್ಟ್‌ಫೋನಿನ ಗೀಳು ಪ್ರತ್ಯೇಕ ರೋಗವಾಗಿ ಸೇರಿಲ್ಲ. ನಿದ್ರೆ ಕೆಟ್ಟು, ಓದು ಹಿಂದುಳಿದು, ಒಡನಾಟ ಸೊರಗಿದರೂ ಬಿಡಲಾರದ ಸ್ಥಿತಿಯೇ ಅಪಾಯದ ಲಕ್ಷಣ. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ 'ಶಟ್' ಎಂಬ ಚಿಕಿತ್ಸಾಲಯವನ್ನು ತೆರೆಯಿತು.

ಪಾಠದ ಟಿಪ್ಪಣಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಫೋನಿನಲ್ಲಿಯೇ ಇರುವಾಗ ಪೂರ್ಣ ನಿಷೇಧವು ವ್ಯವಹಾರ್ಯವಲ್ಲ. ಕಸಿದುಕೊಂಡರೆ ಕಳ್ಳತನದ ಬಳಕೆ ಬೆಳೆದೀತು. ಓದಿನ ವೇಳೆಯಲ್ಲಿ ಫೋನನ್ನು ಬೇರೆ ಕೋಣೆಯಲ್ಲಿ ಇರಿಸುವುದು, ರಾತ್ರಿ ದಿಂಬಿನ ಬಳಿ ಇಟ್ಟುಕೊಳ್ಳದೆ ಎಚ್ಚರಕ್ಕೆ ಅಲಾರಂ ಗಡಿಯಾರವನ್ನು ಬಳಸುವುದು, ಅನಗತ್ಯ ಸೂಚನೆಗಳನ್ನು ನಿಲ್ಲಿಸುವುದು ಸರಳ ಉಪಾಯಗಳು. ವಿದ್ಯಾರ್ಥಿನಿಲಯಗಳಲ್ಲಿ ಈ ನಿಯಮವನ್ನು ವಿದ್ಯಾರ್ಥಿಗಳೇ ಕೂಡಿ ರೂಪಿಸಿಕೊಂಡರೆ ಅದು ಬಾಳುತ್ತದೆ. ರಾತ್ರಿ ಹತ್ತರ ಮೇಲೆ ವಾಟ್ಸಾಪ್ ಗುಂಪಿಗೆ ಸಂದೇಶ ಕಳುಹಿಸುವ ಅಧ್ಯಾಪಕರೂ ಆ ನಿಯಮಕ್ಕೆ ಒಳಪಡಬೇಕು.

ಬರಿದಾದ ಸಂಜೆಯನ್ನು ಫೋನು ತುಂಬುತ್ತದೆ. ಆದುದರಿಂದ ಆಟದ ಬಯಲು, ಸಂಜೆಯೂ ತೆರೆದಿರುವ ಗ್ರಂಥಾಲಯ, ಮಾತಿಗೆ ಸಿಗುವ ಗುರು — ಇವು ಅಲಂಕಾರಗಳಲ್ಲ, ಅಗತ್ಯಗಳು. ಕಟ್ಟಡಕ್ಕೆ ನೆರವಾದ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇವುಗಳತ್ತ ಮನಸ್ಸು ಮಾಡಿದರೆ, ಮನೆಯಲ್ಲಿ ಮೊದಲಬಾರಿಗೆ ಕಾಲೇಜಿನ ಮೆಟ್ಟಿಲೇರಿದ ಮಗುವಿನ ಅವಧಾನವು ಉಳಿದೀತು. ಹೆತ್ತವರ ಬೆವರು ಸಾರ್ಥಕವಾದೀತು.