ಕಲ್ಲಿನಡಿಯ ವಾಸಿ

ನಮ್ಮ ಅಲ್ಲಾಳಸಂದ್ರದ ಕೆರೆಯಲ್ಲಿ ಬಾಳಲಾರದ ಜೀವಿಯೊಂದನ್ನು ನಾನು ಕಂಡದ್ದು ಕೊಡಗಿನ ಒಂದು ತೊರೆಯಲ್ಲಿ. ನೀರೊಳಗಿನ ಕಲ್ಲನ್ನು ಮಗುಚಿದೊಡನೆ, ಚಪ್ಪಟೆ ಮೈಯ, ಎರಡು ಬಾಲಗಳ ಆ ಪುಟ್ಟ ಪ್ರಾಣಿ ಸರಸರನೆ ಮರೆಗೆ ಸರಿಯಿತು. ಅದು ಪರ್ಲಿಡೇ ಕುಟುಂಬದ ಸ್ಟೋನ್‌ಫ್ಲೈ ಕೀಟದ ಮರಿ. ಕಲ್ಲುನೊಣವೆಂದು ಕರೆಯೋಣ, ನೊಣದ ಜಾತಿಯದೇನೂ ಅಲ್ಲ, ಬೆಳೆದ ಮೇಲೆ ಇದಕ್ಕೆ ನಾಲ್ಕು ರೆಕ್ಕೆ.

ರೆಕ್ಕೆಯ ಬಾಳು ಅಲ್ಪಕಾಲದ್ದು. ಬಹುಪಾಲು ಆಯುಷ್ಯ ನೀರಿನಲ್ಲೇ ಕಳೆಯುತ್ತದೆ. ಕಾಲುಗಳ ಬುಡದಲ್ಲಿರುವ ಎಳೆಎಳೆಯಾದ ಕಿವಿರುಗಳಿಂದ ಅದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತದೆ. ನೀರು ಬೆಚ್ಚಗಾದಷ್ಟೂ ಆಮ್ಲಜನಕ ಕಡಮೆ: 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕರಗಬಲ್ಲುದಾದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಉಸಿರು ಸಾಲದಾದಾಗ ಮರಿಯು ದಂಡ ಹೊಡೆಯುವ ಪೈಲ್ವಾನನಂತೆ ಮೈಯನ್ನು ಮೇಲೆ ಕೆಳಗೆ ಆಡಿಸಿ, ಕಿವಿರುಗಳ ಸುತ್ತ ನೀರು ಹರಿಯುವಂತೆ ಮಾಡಿಕೊಳ್ಳುತ್ತದೆ. ಎಷ್ಟು ಹೊತ್ತು ತಾನೇ ಹೊಡೆದೀತು! ಕೊಳಚೆ ಬೆರೆತಲ್ಲಂತೂ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳೇ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಆದುದರಿಂದಲೇ ತೊರೆಯ ನೀರಿನ ಶುದ್ಧಿಯನ್ನು ಅರಿಯಬಯಸುವ ವಿಜ್ಞಾನಿಗಳು ಕಲ್ಲುಗಳನ್ನು ಮಗುಚಿ ಈ ಕೀಟವನ್ನು ಅರಸುತ್ತಾರೆ.

ನಮ್ಮ ಕೆರೆಯದು ನಿಂತ ನೀರು. ಅದು ತಿಳಿಯಾಗಿದ್ದರೂ ಕಲ್ಲುನೊಣದ ಮನೆಯಾಗದು. ತೊರೆಗೂ ಅಭಯವಿಲ್ಲ, ದಡದ ಮರಗಳನ್ನು ಕಡಿದು ನೆರಳು ತಪ್ಪಿದರೆ ಅಲ್ಲಿಯೂ ನೀರು ಕಾಯುತ್ತದೆ. ನಾನು ಆ ಕಲ್ಲನ್ನು ಮೊದಲಿದ್ದಂತೆಯೇ ಮಗುಚಿಟ್ಟು ಬಂದೆ.