ಕೈಯಲ್ಲಿ ದುಡ್ಡಿಲ್ಲದೆ ನಿರ್ಮಾಪಕಿಯಾಗಬಹುದೇ?

ಪ್ರಶ್ನೆ: ನನ್ನ ಮಗಳು ಡಿಗ್ರಿ ಮುಗಿಸಿದ್ದಾಳೆ. ಸಿನಿಮಾ, ಧಾರಾವಾಹಿಗಳ ಸ್ವತಂತ್ರ ನಿರ್ಮಾಪಕಿ ಆಗುತ್ತೇನೆಂದು ಹಟ ಹಿಡಿದಿದ್ದಾಳೆ. ನಿರ್ಮಾಪಕ ಅಂದರೆ ದುಡ್ಡು ಹಾಕುವವನು ತಾನೇ? ನಮ್ಮ ಹತ್ತಿರ ಅಷ್ಟು ದುಡ್ಡಿಲ್ಲ. ಇದೂ ಒಂದು ವೃತ್ತಿಯೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಖಂಡಿತ ವೃತ್ತಿಯೇ, ಅದೂ ಬಹಳ ಹೊಣೆಯ ವೃತ್ತಿ. ಬಡ್ಡಿಗೆ ಹಣ ಕೊಡುವವರನ್ನು ಗಾಂಧಿನಗರದಲ್ಲಿ ಫೈನಾನ್ಶಿಯರ್ ಎನ್ನುತ್ತಾರೆ. ನಿರ್ಮಾಪಕರ ಕೆಲಸ ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಯಾವ ಕಥೆ ಸಿನಿಮಾ ಆಗಬೇಕು, ಅದನ್ನು ಯಾರ ಕೈಗೆ ಕೊಡಬೇಕು ಎಂದು ತೀರ್ಮಾನಿಸುವವರು ಅವರು. ಆ ತೀರ್ಮಾನ ಎಷ್ಟು ದೊಡ್ಡದು ಎಂಬುದಕ್ಕೆ ನಿಮ್ಮ ಕರಾವಳಿಯವರೇ ಆದ ಸದಾನಂದ ಸುವರ್ಣರ ಬದುಕು ಸಾಕ್ಷಿ.

ಸುವರ್ಣರು ಮೂಲ್ಕಿಯವರು. ಮುಂಬೈಯಲ್ಲಿದ್ದುಕೊಂಡು ಅಲ್ಲಿನ ಕನ್ನಡ ರಂಗಭೂಮಿಯಲ್ಲಿ ದುಡಿದವರು. 1977ರಲ್ಲಿ ಅವರು ಕೈಗೆತ್ತಿಕೊಂಡದ್ದು ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ'. ಗರ್ಭಿಣಿಯಾದ ಬ್ರಾಹ್ಮಣ ವಿಧವೆಯನ್ನು ಬದುಕಿರುವಾಗಲೇ ಸತ್ತವಳೆಂದು ಸಾರಿ ಹೊರಹಾಕುವ ಕಥೆ. ಸ್ಟಾರ್ ಇಲ್ಲ, ಹಾಡು ಕುಣಿತಗಳಿಲ್ಲ, ಬಣ್ಣವೂ ಇಲ್ಲ. ನಿರ್ದೇಶಕ ಗಿರೀಶ್ ಕಾಸರವಳ್ಳಿಯವರು ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಿಂದ ಹೊರಬಂದು ಎರಡೇ ವರ್ಷವಾಗಿತ್ತು, ಒಂದು ಪೂರ್ಣ ಚಿತ್ರವನ್ನೂ ಮಾಡಿರಲಿಲ್ಲ. ಲಾಭದ ಲೆಕ್ಕ ಹಾಕುವ ಯಾರೂ ಮುಟ್ಟದ ಕಥೆ ಅದು. ಸುವರ್ಣರು ಮುಟ್ಟಿದರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು 'ಘಟಶ್ರಾದ್ಧ'ಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಆ ಪ್ರಶಸ್ತಿಯನ್ನು ನಿರ್ದೇಶಕರಿಗೂ ನಿರ್ಮಾಪಕರಿಗೂ ಕೊಡುತ್ತಾರೆ. ಹಾಗೆ ಕೊಡುವುದು ನ್ಯಾಯವೇ.

ಇನ್ನು ದಿನನಿತ್ಯದ ಕೆಲಸ. ಲೇಖಕರಿಂದ ಕಥೆಯ ಹಕ್ಕನ್ನು ಬರಹದಲ್ಲಿ ಪಡೆಯಬೇಕು. ಬ್ಯಾನರು, ಶೀರ್ಷಿಕೆಗಳನ್ನು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಬೇಕು. ಬಜೆಟ್ ಹಾಕಿ ಕಲಾವಿದರ ಕಾಲ್‌ಶೀಟು ಹೊಂದಿಸಬೇಕು. ಶೂಟಿಂಗ್ ಶುರುವಾದ ಮೇಲೆ ಲೈಟ್‌ಬಾಯ್ ಬಾಟಾ, ಜನರೇಟರಿನ ಡೀಸೆಲ್, ನಡುಹಗಲಿನ ಊಟ, ಎಲ್ಲದರ ಲೆಕ್ಕವೂ ದಿನದಿನವೇ ಚುಕ್ತಾ ಆಗಬೇಕು. ಫಿಲಂ ಕಾಲದಲ್ಲಂತೂ ಹಣ ಕಣ್ಣೆದುರೇ ಓಡುತ್ತಿತ್ತು: 400 ಅಡಿಯ 35 ಎಂಎಂ ರೋಲು ಕ್ಯಾಮೆರಾದಲ್ಲಿ ನಾಲ್ಕೂವರೆ ನಿಮಿಷಕ್ಕೆ ಮುಗಿಯುತ್ತದೆ. ಕಲಾವಿದರು ಸಂಭಾಷಣೆ ತಪ್ಪಿದರೆ, ಮೋಡ ಅಡ್ಡ ಬಂದರೆ ಅಷ್ಟೂ ಅಡಿ ವ್ಯರ್ಥ. ಇನ್ನೊಂದು ಟೇಕ್ ಬೇಕೆಂದು ನಿರ್ದೇಶಕರು ಕೇಳಿದಾಗ, ಪೆಟ್ಟಿಗೆಯಲ್ಲಿ ಎಷ್ಟು ರೋಲು ಉಳಿದಿದೆ ಎಂದು ಗೊತ್ತಿದ್ದೂ ಹೂಂ ಎನ್ನುವವರು ಒಳ್ಳೆಯ ನಿರ್ಮಾಪಕರು. ಶೂಟಿಂಗ್ ಮುಗಿದ ಮೇಲೆ ಎಡಿಟಿಂಗ್, ಡಬ್ಬಿಂಗ್, ಸೆನ್ಸಾರ್, ಸಬ್ಸಿಡಿ ಅರ್ಜಿ, ವಿತರಕರ ಮನೆ ಬಾಗಿಲು.

ಟಿವಿಯ ದಾರಿ ಬೇರೆ. ದೂರದರ್ಶನದ ಕಾಲದಲ್ಲಿ ಪ್ರಾಯೋಜಿತ ಧಾರಾವಾಹಿಯ ನಿರ್ಮಾಪಕರು ಸಾಮಾನ್ಯವಾಗಿ 13 ಕಂತಿಗೆ ಒಪ್ಪಿಗೆ ಪಡೆದು, ಪ್ರಸಾರ ಶುಲ್ಕ ಕಟ್ಟಿ, ತಮ್ಮ ಪಾಲಿಗೆ ಸಿಕ್ಕ ಜಾಹೀರಾತಿನ ಸಮಯವನ್ನು ಮಾರಿ ಹಣ ಎತ್ತಬೇಕಿತ್ತು. ಟಿ.ಎಸ್. ನರಸಿಂಹನ್ ನಿರ್ಮಿಸಿ ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್', ಸುವರ್ಣರೇ ನಿರ್ದೇಶಿಸಿದ 'ಗುಡ್ಡದ ಭೂತ' ಜನಮನದಲ್ಲಿ ನೆಲೆ ನಿಂತದ್ದು ದೂರದರ್ಶನದ ದಿನಗಳಲ್ಲೇ. ಇಂದು ಹೆಚ್ಚಿನ ಧಾರಾವಾಹಿಗಳಿಗೆ ವಾಹಿನಿಯೇ ಕಂತಿಗಿಷ್ಟು ಎಂದು ಕೊಟ್ಟು ಹಕ್ಕನ್ನು ತಾನು ಇಟ್ಟುಕೊಳ್ಳುತ್ತದೆ. ಆದಾಯ ನಿಶ್ಚಿತ, ಆದರೆ ಸ್ವಾತಂತ್ರ್ಯ ಕಡಿಮೆ.

ದುಡ್ಡಿನ ಮಾತಿಗೆ ಬರೋಣ. ಪವನ್ ಕುಮಾರ್ ಅವರ 'ಲೂಸಿಯಾ'ಕ್ಕೆ ನಿರ್ಮಾಪಕರು ಸಿಗದಿದ್ದಾಗ ನೂರಕ್ಕೂ ಹೆಚ್ಚು ಸಾಮಾನ್ಯ ಪ್ರೇಕ್ಷಕರು ಸೇರಿ ಸುಮಾರು 50 ಲಕ್ಷ ರೂಪಾಯಿ ಹಾಕಿದರು. 2013ರಲ್ಲಿ ಚಿತ್ರ ತೆರೆ ಕಂಡಿತು. ಸ್ವಂತ ದುಡ್ಡು ಇಲ್ಲದಿದ್ದರೂ ನಡೆಯುತ್ತದೆ; ಬೇರೆಯವರ ದುಡ್ಡಿಗೆ ಪೈಸೆ ಪೈಸೆ ಲೆಕ್ಕ ಒಪ್ಪಿಸುವ ಪ್ರಾಮಾಣಿಕತೆ ಇಲ್ಲದಿದ್ದರೆ ನಡೆಯುವುದಿಲ್ಲ. ಎಲ್ಲ ಚಿತ್ರವೂ ಹಾಕಿದ ದುಡ್ಡನ್ನು ವಾಪಸು ತರುವುದಿಲ್ಲ ಎಂಬುದನ್ನೂ ನಿಮ್ಮ ಮಗಳು ತಿಳಿದಿರಬೇಕು. ಮನೆ, ಜಮೀನು ಅಡವಿಟ್ಟು ಮೊದಲ ಚಿತ್ರಕ್ಕೆ ಇಳಿಯುವುದು ಬೇಡವೇ ಬೇಡ. ಎರಡು ಮೂರು ವರ್ಷ ಒಳ್ಳೆಯ ಪ್ರೊಡಕ್ಷನ್ ಮ್ಯಾನೇಜರ್ ಒಬ್ಬರ ಕೈಕೆಳಗೆ ದುಡಿದು ವೋಚರು, ಕರಾರುಪತ್ರ, ಶೆಡ್ಯೂಲ್‌ಗಳನ್ನು ಕಲಿಯಲಿ. ಜೊತೆಗೆ ಕಿರುಚಿತ್ರ, ಸಾಕ್ಷ್ಯಚಿತ್ರಗಳನ್ನು ಮಾಡಲಿ.

ಒಂದು ಮಾತನ್ನಂತೂ ಆಕೆ ಮರೆಯಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕರೇ. ಬಿಡುಗಡೆಯ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕಷ್ಟ ಬಂತೆಂದು ಅದನ್ನು ಶಾಶ್ವತವಾಗಿ ಬರೆದುಕೊಟ್ಟವರು ತಮ್ಮ ಚಿತ್ರವನ್ನೇ ಕಳೆದುಕೊಳ್ಳುತ್ತಾರೆ, ನೆಗೆಟಿವ್ ಯಾವುದೋ ಗೋದಾಮಿನಲ್ಲಿ ಹಾಳಾಗುತ್ತದೆ. 'ಘಟಶ್ರಾದ್ಧ'ಕ್ಕೆ ಹಾಗಾಗಲಿಲ್ಲ. ಅದರ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿಯಿತು. ಅದರಿಂದ ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆಯವರ ಸಂಸ್ಥೆ ಚಿತ್ರಕ್ಕೆ ಹೊಸ ಜೀವ ಕೊಟ್ಟವು, 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ಮತ್ತೆ ಪ್ರದರ್ಶನ ಕಂಡಿತು. ಸುವರ್ಣರು ಅದೇ ವರ್ಷ ಜುಲೈಯಲ್ಲಿ, 92ರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಎಂಥ ಕಥೆಯ ಬೆನ್ನಿಗೆ ನಿಲ್ಲುತ್ತೀಯ ಎಂದು ಮಗಳನ್ನು ಕೇಳಿ. ಅದಕ್ಕೆ ಗಟ್ಟಿ ಉತ್ತರ ಬಂದರೆ ಹರಸಿ ಕಳುಹಿಸಿ. ಉಳಿದದ್ದನ್ನೆಲ್ಲ ಕಲಿಯಬಹುದು.