ಬಲಕ್ಕೆ 30, ಎಡಕ್ಕೆ 33

ಮುಂಬಯಿಯ ಮಾಟುಂಗ ಪೂರ್ವದ ನನ್ನ ಕನ್ನಡಕದಂಗಡಿಗೆ ಈಚೆಗೆ ಬರುವ ಬೇಡಿಕೆ ಇದು: "ಮಗಳು ಬೆಂಗಳೂರಿಂದ ಆನ್‌ಲೈನಲ್ಲಿ ತರಿಸ್ತಾಳಂತೆ, ನನ್ನ ಪಿಡಿ ಒಂದು ಅಳೆದು ಕೊಡಿ ಮಾರಾಯ್ರೆ." ಅಳೆದು ಕೊಡುತ್ತೇನೆ. ವ್ಯಾಪಾರ ಕೈತಪ್ಪುತ್ತದೆ, ನಿಜ. ಆದರೆ ಗುರುತಿನವರು ಅಂದಾಜಿನ ಅಳತೆಯ ಕನ್ನಡಕ ಹಾಕಿಕೊಂಡು ತಲೆನೋವಿನ ಮಾತ್ರೆ ನುಂಗುವುದಕ್ಕಿಂತ ಅದೇ ವಾಸಿ.

1. ಎಡಬಲ ಸಮ ಇಲ್ಲದಿದ್ದರೆ ಗಾಬರಿ ಬೇಡ. ಪಿಡಿ ಅಂದರೆ ಎರಡು ಪಾಪೆಗಳ ನಡುವಿನ ಅಂತರ. ದೊಡ್ಡವರಲ್ಲಿ ಸಾಮಾನ್ಯವಾಗಿ 54ರಿಂದ 74 ಮಿ.ಮೀ. ಒಳಗಿರುತ್ತದೆ. ಮೂಗಿನ ನಡುವಿನಿಂದ ಒಂದೊಂದೇ ಕಣ್ಣಿಗೆ ಅಳೆದರೆ 30–33 ಅಂತ ಬರುವವರು ಎಷ್ಟೋ ಮಂದಿ. ಅದು ರೋಗವಲ್ಲ.

2. ಅಳೆಯುವವರ ಕಣ್ಣೂ ಅಳತೆಯನ್ನು ಕೆಡಿಸುತ್ತದೆ. ಓರೆಯಿಂದ ನೋಡಿದರೆ ಅಂಕಿ ತಪ್ಪುತ್ತದೆ. ಅದಕ್ಕೇ ನಾನು ಗಿರಾಕಿಯ ಎದುರು ಸುಮಾರು 40 ಸೆಂ.ಮೀ. ದೂರದಲ್ಲಿ, ಕಣ್ಣಿಗೆ ಕಣ್ಣು ಸಮ ಎತ್ತರದಲ್ಲಿ ಕೂರುತ್ತೇನೆ. ಬಲಗಣ್ಣು ಮುಚ್ಚಿ, "ನನ್ನ ಎಡಗಣ್ಣನ್ನೇ ನೋಡಿ" ಎಂದು ಅವರ ಬಲ ಪಾಪೆಗೆ ಪಟ್ಟಿಯ ಸೊನ್ನೆ ಕೂಡಿಸುತ್ತೇನೆ. ಆಮೇಲೆ ಪಟ್ಟಿ ಅಲುಗಿಸದೆ ಎಡಗಣ್ಣು ಮುಚ್ಚಿ, ಬಲಗಣ್ಣು ತೆರೆದು, "ಈಗ ಇದನ್ನೇ ನೋಡಿ" ಎಂದು ಅವರ ಎಡ ಪಾಪೆಯ ಅಂಕಿ ಓದುತ್ತೇನೆ. ಒಟ್ಟು ಅಂತರ ಹೀಗೆ ಸುಲಭವಾಗಿ ಸಿಗುತ್ತದೆ. ಕಷ್ಟ ಇರುವುದು ಅದನ್ನು ಎರಡು ಪಾಲು ಮಾಡುವುದರಲ್ಲಿ. ಮೂಗಿನ ನಡು ಎಲ್ಲಿ ಅನ್ನುವುದೇ ಅಂದಾಜು. ಇವತ್ತು 30–33 ಬಂದದ್ದು ನಾಳೆ 31–32 ಆದೀತು. ಹಾಗಾಗಿ ಒಟ್ಟನ್ನು ಬೇರೆಯಾಗಿ, ಪಾಲುಗಳನ್ನು ಬೇರೆಯಾಗಿ ಅಳೆಯಿರಿ. ಕೂಡಿದಾಗ ತಾಳೆಯಾಗದಿದ್ದರೆ ಮತ್ತೆ ಅಳೆಯಿರಿ. ಪಾಪೆಯ ಅಂತರ ಅಳೆಯುವ ಯಂತ್ರ, ಪ್ಯುಪಿಲೋಮೀಟರ್, ಇದ್ದ ಕಡೆ ಈ ರಗಳೆ ಕಮ್ಮಿ.

3. ಸೆಲ್ಫಿಯಿಂದ ಅಳೆಯುವವರು ಗಮನಿಸಿ. ಹಣೆಗೆ ಎಟಿಎಂ ಕಾರ್ಡು ಹಿಡಿದು (ಅದರ ಅಗಲ 85.6 ಮಿ.ಮೀ.) ಮೊಬೈಲನ್ನು ಹತ್ತಿರದಿಂದ ನೋಡಿದರೆ ಕಣ್ಣುಗಳು ಒಳಮುಖ ತಿರುಗುತ್ತವೆ. ಓದುವ ದೂರಕ್ಕೇ ಒಟ್ಟು ಪಿಡಿ 3 ಮಿ.ಮೀ.ನಷ್ಟು ಇಳಿಯುತ್ತದೆ. ಬರೀ ಓದುವ ಚಾಳೀಸಿಗಾದರೆ ಅದೇ ಬೇಕು, ದೂರದ ಕನ್ನಡಕಕ್ಕೆ ಬೇಡ. ಕೆಲವು ಆ್ಯಪ್‌ಗಳು ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ನೀವೂ ಸರಿಪಡಿಸಹೋದರೆ ಅಳತೆ ಎರಡು ಸಲ ತಿದ್ದಿದಂತಾಗುತ್ತದೆ.

4. ಒಂದೇ ನಂಬರಿನ ಕನ್ನಡಕಕ್ಕೆ ಒಟ್ಟು ಅಂತರವೇ ಮುಖ್ಯ. ಆನ್‌ಲೈನ್ ಫಾರಂನ ಎರಡು ಖಾನೆ ನೋಡಿ ಜನ ಅನಗತ್ಯವಾಗಿ ಹೆದರುತ್ತಾರೆ. ಲೆಕ್ಕ ನೋಡಿ. ಮಸೂರದ ನಡು ಎಷ್ಟು ಸೆಂ.ಮೀ. ಸರಿಯಿತೋ ಅದನ್ನು ನಂಬರಿನಿಂದ ಗುಣಿಸಿದರೆ ಕಣ್ಣಿಗೆ ಬೀಳುವ ಪ್ರಿಸಂ, ಅಂದರೆ ನೋಟ ಎಷ್ಟು ವಾಲುತ್ತದೆ ಅನ್ನುವ ಅಳತೆ, ಸಿಗುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಪ್ರೆಂಟಿಸ್ ಸೂತ್ರ ಅನ್ನುತ್ತೇವೆ. ನಿಮ್ಮದು 30–34 ಇದ್ದು 32–32 ಎಂದು ಬರೆದಿರಿ ಅನ್ನೋಣ. ಎರಡು ಮಸೂರವೂ ಒಂದೇ ದಿಕ್ಕಿಗೆ 2 ಮಿ.ಮೀ. ಸರಿದಿರುತ್ತವೆ. ಎರಡು ಕಣ್ಣಿಗೂ ಮೈನಸ್ 3 ಇದ್ದರೆ ತಲಾ 0.6 ಪ್ರಿಸಂ ಬಿದ್ದರೂ ನೋಟ ಒಟ್ಟಿಗೇ ಒಂದು ಕಡೆಗೆ ವಾಲುತ್ತದೆ, ಕಣ್ಣುಗಳ ನಡುವೆ ಜಗ್ಗಾಟ ಇರುವುದಿಲ್ಲ. ಬಲಕ್ಕೆ ಮೈನಸ್ 1, ಎಡಕ್ಕೆ ಮೈನಸ್ 5 ಆದರೆ ಮಾತು ಬೇರೆ: 0.2 ಮತ್ತು 1.0, ವ್ಯತ್ಯಾಸ 0.8. ಅದು ಕಾಡೀತು.

ಒಟ್ಟು ಅಂತರವೇ ತಪ್ಪಿದರೆ ಯಾರಿಗೂ ಮಾಫಿಯಿಲ್ಲ. ದೊಡ್ಡ ಮೈನಸ್ ನಂಬರಿನವರು ಹೆಚ್ಚು ಬರೆದರೆ ಕಣ್ಣುಗಳು ಹೊರಕ್ಕೆ ತಿರುಗಬೇಕಾಗುತ್ತದೆ. ಒಳಕ್ಕೆ ತಿರುಗುವಷ್ಟು ಸಲೀಸಾಗಿ ಅವು ಹೊರಕ್ಕೆ ತಿರುಗುವುದಿಲ್ಲ.

5. ಪ್ರೊಗ್ರೆಸಿವ್ ಆದರೆ ಒಂದೊಂದು ಮಿಲಿಮೀಟರಿಗೂ ಬೆಲೆ. ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕೇರಿ ಇದು. ಗಲ್ಲಾದಲ್ಲಿ ಕೂರುವವರಿಗೆ ಬರವಿಲ್ಲ. ಅವರ ನೋಟ ಬಾಗಿಲ ಗಿರಾಕಿಯಿಂದ ಬಿಲ್ಲಿಗೆ, ಬಿಲ್ಲಿನಿಂದ ಚಿಲ್ಲರೆಗೆ ದಿನವಿಡೀ ಓಡಾಡುತ್ತಿರುತ್ತದೆ. ಪ್ರೊಗ್ರೆಸಿವ್ ಮಸೂರದಲ್ಲಿ ದೂರದಿಂದ ಹತ್ತಿರಕ್ಕೆ ಇಳಿಯುವ ಸ್ಪಷ್ಟ ದಾರಿ ಒಂದು ಗಲ್ಲಿಯಷ್ಟೇ ಕಿರಿದು. 30–34ರವರಿಗೆ 32–32 ಕೂಡಿಸಿದರೆ ಕಣ್ಣು ಇಳಿಸಿದಾಗ ಎರಡೂ ಗೋಡೆಗೆ ತಾಗುತ್ತವೆ. ಆಗ ಬಿಲ್ಲು ಓದಲು ಕತ್ತು ತಿರುಗಿಸುವುದೇ ಅಭ್ಯಾಸವಾಗುತ್ತದೆ. ಇದಕ್ಕೆ ಎರಡು ಕಣ್ಣಿನ ಬೇರೆ ಬೇರೆ ಪಿಡಿಯ ಜತೆಗೆ ಫಿಟ್ಟಿಂಗ್ ಹೈಟೂ (ಫ್ರೇಮಿನೊಳಗೆ ಪಾಪೆ ಕೂರುವ ಎತ್ತರ) ಬೇಕು. ಅದೂ ಮುಖದ ಮೇಲೆ ಅದೇ ಫ್ರೇಮು ಕೂತಿರುವಾಗ, ಡಮ್ಮಿ ಮಸೂರದ ಮೇಲೆ ಪೆನ್ನಿನಿಂದ ಪಾಪೆಯ ಚುಕ್ಕೆ ಇಟ್ಟು ಅಳೆದದ್ದಾಗಬೇಕು. ಫ್ರೇಮು ಇನ್ನೂ ಗೋದಾಮಿನಲ್ಲಿರುವಾಗ ಇದನ್ನು ಅಳೆಯುವುದು ಹೇಗೆ? ಪ್ರೊಗ್ರೆಸಿವ್ ಆನ್‌ಲೈನಲ್ಲಿ ಬೇಡ ಎಂದು ನಾನು ಹೇಳುವುದು ಅಂಗಡಿಯವನ ಸ್ವಾರ್ಥದಿಂದಲ್ಲ. ಸ್ವಲ್ಪ ಇರಬಹುದು.

6. ಫ್ರೇಮಿನ ಕಡ್ಡಿ ಓದಿ. 52-18 (ಮಸೂರದ ಅಗಲ, ಮೂಗಿನ ಮೇಲಿನ ಅಂತರ) ಎಂದಿದ್ದರೆ ಕೂಡಿ: 70. ನಿಮ್ಮ ಪಿಡಿ 60 ಇದ್ದರೆ ಪ್ರತಿ ಮಸೂರವನ್ನೂ 5 ಮಿ.ಮೀ. ಒಳಕ್ಕೆ ಸರಿಸಬೇಕು. ಮೈನಸ್ ನಂಬರಿನಲ್ಲಿ ಹೊರ ಅಂಚು ದಪ್ಪಗಾಗುವುದು ಆಗಲೇ.

7. ಡಬ್ಬಿ ಬಂದ ದಿನವೇ ಪರೀಕ್ಷೆ. ಕನ್ನಡಕವನ್ನು ಕೈಯಲ್ಲಿ ದೂರ ಹಿಡಿದು, ಒಂದು ಮಸೂರದ ಮೂಲಕ ಬಾಗಿಲ ಚೌಕಟ್ಟಿನ ನೇರ ಅಂಚು ನೋಡಿ. ಮಸೂರದೊಳಗಿನ ಗೆರೆ ಹೊರಗಿನದಕ್ಕೆ ಮುರಿಯದೆ ಕೂಡುವ ಜಾಗಕ್ಕೆ ಮಾರ್ಕರಿನಿಂದ ಚುಕ್ಕೆ ಇಡಿ. ಇನ್ನೊಂದಕ್ಕೂ ಹಾಗೇ. ಚುಕ್ಕೆಗಳ ನಡುವಿನ ಅಂತರ ನೀವು ಬರೆದ ಪಿಡಿಗೆ ಹೊಂದಬೇಕು. ಸಿಲಿಂಡರ್ ನಂಬರಿದ್ದರೆ ಗೆರೆ ಓರೆಯಾಗಿ ಕಾಣಬಹುದು, ಈ ಉಪಾಯ ನಂಬಬೇಡಿ. ಮಸೂರದ ನಂಬರು, ನಡು ತೋರಿಸುವ ಲೆನ್ಸೋಮೀಟರ್ ಇರುವ ಯಾವ ಅಂಗಡಿಗಾದರೂ ಒಯ್ಯಿರಿ. "ಹಾಕ್ತಾ ಹಾಕ್ತಾ ರೂಢಿಯಾಗುತ್ತೆ" ಎಂದು ಕಾಯುತ್ತ ಕೂತು ವಾಪಸು ಕೊಡುವ ಅವಧಿ ಕಳೆದ ಮೇಲೆ ನನ್ನ ಹತ್ತಿರ ಬಂದರೆ, ತಪ್ಪು ಎಷ್ಟು ಮಿಲಿಮೀಟರ್ ಎಂದು ಹೇಳಬಲ್ಲೆ, ಅಷ್ಟೇ.